ಅಳಿವೆಯೋ, ಹಿನ್ನೀರೋ? ಚೆನ್ನೈ ಪಾಠಕ್ಕೆ ಕೆಲವು ಪದಗಳು ಬೇಕು

ಎಲ್ಲರಿಗೂ ನಮಸ್ಕಾರ. ಕೋಲಾರದ ಹೈಸ್ಕೂಲು ಮಕ್ಕಳಿಗಾಗಿ ಚೆನ್ನೈ ಭೂಗೋಳದ ಬಗ್ಗೆ ಒಂದು ಚಿಕ್ಕ ಪಾಠ ಬರೆಯುತ್ತಿದ್ದೇನೆ. ನಮ್ಮ ಟೊಮೆಟೊ ಲಾರಿಗಳು ಅಲ್ಲಿನ ಕೋಯಂಬೇಡು ಮಾರ್ಕೆಟ್‌ಗೆ ಹೋಗುವುದರಿಂದ ಆ ಊರಿನ ಹೆಸರು ಮಕ್ಕಳಿಗೆ ಹೊಸದಲ್ಲ. ಆದರೆ ಸಮುದ್ರ ನೋಡದವರೇ ಜಾಸ್ತಿ. ಅವರಿಗೆ ತಪ್ಪು ಚಿತ್ರ ಕೊಡದ ಪದ ಬೇಕು.

ಮುಖ್ಯವಾದ ಪ್ರಶ್ನೆ, ಹೊಳೆ ಕಡಲು ಸೇರುವ ಜಾಗಕ್ಕೆ ಏನನ್ನೋಣ? ಚೆನ್ನೈನ ಉತ್ತರಕ್ಕೆ ಎಣ್ಣೂರಿನಲ್ಲಿ ಕೊಸಸ್ತಲೈಯಾರ್, ನಡುವೆ ಕೂವಂ, ದಕ್ಷಿಣಕ್ಕೆ ಅಡ್ಯಾರ್ ಕಡಲು ಸೇರುತ್ತವೆ. ಬಕಿಂಗ್‌ಹ್ಯಾಮ್ ಕಾಲುವೆ ಈ ಮೂರನ್ನೂ ದಾರದಂತೆ ಪೋಣಿಸಿದೆ. ‘ಎಣ್ಣೂರಿನ ಹಿನ್ನೀರು’ ಅಂತ ಬರೆಯಬಹುದು. ಆದರೆ ನಮ್ಮ ಕಡೆ ಹಿನ್ನೀರು ಅಂದರೆ ಕಟ್ಟೆಯ ಹಿಂದೆ ನಿಂತ ನೀರು. ಪಾಲಾರ್ ಮೇಲಿನ ಬೇತಮಂಗಲ ಕೆರೆ ನೋಡಿದ ಹುಡುಗ, ಎಣ್ಣೂರಲ್ಲೂ ಏರಿ ಕಟ್ಟಿದ್ದಾರೆ ಅಂದುಕೊಳ್ಳುತ್ತಾನೆ. ಅಲ್ಲಿ ಉಬ್ಬರ ಬಂದಾಗ ಉಪ್ಪುನೀರು ಒಳಕ್ಕೆ ಬರುತ್ತದೆ, ಇಳಿತಕ್ಕೆ ವಾಪಸ್ ಹೋಗುತ್ತದೆ. ‘ಕೊಲ್ಲಿ’ ಅನ್ನೋಣ ಅಂದರೆ ‘ಎಣ್ಣೂರು ಕೊಲ್ಲಿ ಬಂಗಾಳ ಕೊಲ್ಲಿಗೆ ಸೇರುತ್ತದೆ’ ಅಂತ ಬರೆಯಬೇಕಾಗುತ್ತದೆ. ಅದು ಬೇಡ.

ನನಗೆ ಇಷ್ಟವಾದದ್ದು ಕರಾವಳಿಯವರ ‘ಅಳಿವೆ’. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವ ಕಡೆ ‘ಅಳಿವೆ ಬಾಗಿಲು’ ಅನ್ನುತ್ತಾರಲ್ಲ, ಅದೇ. ಎಷ್ಟು ಚೆಂದದ ಮಾತು! ಒಂದೇ ಅನುಮಾನ ಕೂವಂ ಬಗ್ಗೆ. ಚೆನ್ನೈ ಬಂದರು ಕಟ್ಟಿದ ಮೇಲೆ ದಕ್ಷಿಣದಿಂದ ಕಡಲು ಹೊತ್ತು ತರುವ ಮರಳು ಅದರ ಗೋಡೆಗೆ ತಡೆದು ನಿಂತಿತು. ಮರೀನಾ ಬೀಚು ಅಷ್ಟು ಅಗಲವಾದದ್ದು ಹೀಗೆ. ಬಂದರಿನ ಆಚೆ ರಾಯಪುರಂ ಕಡೆ ಮರಳು ಸಿಗದೆ ದಡ ಕೊರೆದು ಹೋಯಿತು. ನೇಪಿಯರ್ ಸೇತುವೆ ಹತ್ತಿರ ಕೂವಂ ಬಾಯಿಗೂ ಮರಳು ಕಟ್ಟಿಕೊಳ್ಳುತ್ತದೆ. ಹರಿವು ಕಡಿಮೆಯಾದರೆ ಬಾಯಿಯೇ ಮುಚ್ಚಿಹೋಗುತ್ತದೆ, ಯಂತ್ರ ಹಚ್ಚಿ ತೆಗೆಯಬೇಕು. ಹೀಗೆ ಮುಚ್ಚಿದ್ದಕ್ಕೂ ಅಳಿವೆ ಅಂತಲೇ ಹೇಳುತ್ತೀರಾ? ಆ ಮರಳ ದಿಬ್ಬಕ್ಕೆ ಕುಂದಾಪುರ, ಹೊನ್ನಾವರದ ಕಡೆ ಬೇರೆ ಹೆಸರಿದೆಯಾ?

ತಮಿಳು ಬಲ್ಲವರಿಗೆ ಇನ್ನೊಂದು ಪ್ರಶ್ನೆ. 2022ರಲ್ಲಿ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿದ, ಚೆನ್ನೈ ದಕ್ಷಿಣದ ಪಳ್ಳಿಕರಣೈ ಜೌಗಿನ ನೀರು ‘ಒಕ್ಕಿಯಂ ಮಡುವು’ ಹಿಡಿದು ಇನ್ನೂ ದಕ್ಷಿಣದ ಕಡಲ ದಡದ ಕೋವಳಂ ಕಡೆಗೆ ಹೋಗುತ್ತದೆ. ನಮ್ಮ ‘ಮಡು’ ಹೊಳೆಯ ಆಳದ ಗುಂಡಿ. ಅಲ್ಲಿನ ಮಡುವು ನೀರು ಹರಿದುಹೋಗುವ ದಾರಿ. ಹೆಸರನ್ನು ಹಾಗೇ ಇಟ್ಟು ಪಕ್ಕದಲ್ಲಿ ‘ಕಾಲುವೆ’ ಅಂತ ಸೇರಿಸಿದರೆ ಸಾಕಲ್ವಾ?

ಊರಿನ ಅಳತೆಯದೂ ಒಂದು ತೊಡಕು. ಪಾಲಿಕೆಯ ಚೆನ್ನೈ 2011ರಲ್ಲಿ 174ರಿಂದ 426 ಚದರ ಕಿಲೋಮೀಟರಿಗೆ ಬೆಳೆಯಿತು. ಸುತ್ತಲಿನ ಜಿಲ್ಲೆಗಳ ಊರುಗಳನ್ನೂ ಹಿಡಿದರೆ 1,189 ಇತ್ತು. ಅದನ್ನು ಅರಕ್ಕೋಣಂವರೆಗೂ ಹಿಗ್ಗಿಸಿ 5,904 ಮಾಡುವ ಆದೇಶ 2022ರಲ್ಲಿ ಬಂತು. ಇದನ್ನು ‘ಮಹಾನಗರ ಪ್ರದೇಶ’ ಅಂದರೆ ನಮ್ಮ ಮಕ್ಕಳು ಮಹಾನಗರ ಪಾಲಿಕೆಯ ಜೊತೆ ಬೆರೆಸಿಕೊಳ್ಳುತ್ತಾರೆ. ತುಮಕೂರಿಗೂ ಮಹಾನಗರ ಪಾಲಿಕೆ ಇದೆಯಲ್ಲ. ‘ಚೆನ್ನೈ ಸೀಮೆ’ ಅಂತ ಬರೆಯೋಣ ಅನ್ನಿಸಿದೆ. ನಮ್ಮ ಹಿರಿಯರು ಕೋಲಾರ ಸೀಮೆ ಅನ್ನುವಾಗಲೂ ಊರು ಮತ್ತು ಸುತ್ತಲಿನ ಹಳ್ಳಿ ಎಲ್ಲ ಸೇರಿರುತ್ತದೆ. ಪಾಠದಲ್ಲಿ ಇದು ತೀರಾ ಹಳೆಯ ಮಾತಾಗಿ ಕೇಳಿಸುತ್ತದಾ, ದಯವಿಟ್ಟು ತಿಳಿಸಿ.