ದಿನಾ ವಾಕ್ ಮಾಡಿದ್ರೂ ತೂಕ ಇಳೀತಿಲ್ಲ, ಊಟ ಕಮ್ಮಿ ಮಾಡ್ಬೇಕಾ ಜಿಮ್ ಸೇರ್ಬೇಕಾ?

ಮೈಸೂರು ಮನೆ:
ಎಲ್ರಿಗೂ ನಮಸ್ಕಾರ. ನಂಗೆ 42 ವರ್ಷ, ತೂಕ 74 ಕೆಜಿ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಹತ್ರ ಒಂದು ಗಂಟೆ ವಾಕ್ ಮಾಡ್ತೀನಿ, ತಪ್ಸಲ್ಲ, ಆದ್ರೂ ತಿಂಗಳುಗಟ್ಲೆ ಮುಳ್ಳು ಅಲ್ಲೇ ನಿಂತಿದೆ. ನಮ್ಮನೆಯವ್ರು ಜಿಮ್ ಸೇರ್ಕೋ ಅಂತಾರೆ, ತಂಗಿ ರಾತ್ರಿ ಊಟ ಬಿಡು ಅಂತಾಳೆ. ಹೋಟ್ಲಲ್ಲಿ ತಿನ್ನೋದು ತೀರಾ ಅಪರೂಪ. ಮೊದ್ಲು ಯಾವ್ದು ಹಿಡೀಲಿ?

ಹಾಸನದವ:
ಮೊದ್ಲು ಊಟ ಮೇಡಂ. ಒಂದು ಗಂಟೆ ವಾಕಿಗೆ ಖರ್ಚಾಗೋದು ಹೆಚ್ಚುಕಮ್ಮಿ 250 ಕ್ಯಾಲರಿ, ಒಂದು ಕೆಜಿ ಕೊಬ್ಬು ಕರಗ್ಬೇಕು ಅಂದ್ರೆ ಸುಮಾರು 7700 ಬೇಕು. ಒಂದು ದೊಡ್ಡ ಚಮಚ ಎಣ್ಣೇಲೇ 120 ಇರತ್ತೆ, ಈಗ ನೋಡಿ, ಮನೆ ಊಟನೇ ಆದ್ರೂ ಚಿತ್ರಾನ್ನದ ಒಗ್ಗರಣೆಗೆ ಪ್ಯಾಕೆಟ್ಟಿಂದ ಸೀದಾ ಬಾಣಲಿಗೆ ಸುರೀತೀವಿ, ಉಪ್ಪಿಟ್ಟು ಉದುರುದುರಾಗ್ಲಿ ಅಂತ ಇನ್ನೊಂದಿಷ್ಟು, ಅಳತೆ ಯಾರಿಡ್ತಾರೆ? ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ (ಎನ್‌ಐಎನ್) 2024ರಲ್ಲಿ ಕೊಟ್ಟ ತಟ್ಟೆ ಲೆಕ್ಕದಲ್ಲಿ ದಿನಕ್ಕೆ 2000 ಕ್ಯಾಲರಿ ಊಟಕ್ಕೆ ಎಣ್ಣೆ-ಕೊಬ್ಬು 27 ಗ್ರಾಂ, ಅಂದ್ರೆ ಒಬ್ರಿಗೆ ತಿಂಗಳಿಗೆ ಒಂದು ಲೀಟರ್ ಕೂಡ ಬೇಡ. ನಿಮ್ಮನೇಲಿ ತಿಂಗಳಿಗೆ ಎಷ್ಟು ಪ್ಯಾಕೆಟ್ ಖಾಲಿಯಾಗತ್ತೆ, ಎಷ್ಟು ಜನ ಇದೀರಾ ನೋಡಿ, ಅಲ್ಲೇ ಗೊತ್ತಾಗತ್ತೆ.

ಶಾಲಿನಿ ಫಿಟ್ನೆಸ್:
ಎಣ್ಣೆ ಮಾತು ಸರಿನೇ, ಆದ್ರೆ ಬರೀ ಊಟ ಕಟ್ ಮಾಡಿ ಇಳಿಸಿದ್ರೆ ಕೊಬ್ಬಿನ ಜೊತೆ ಸ್ನಾಯುನೂ ಹೋಗತ್ತೆ ಅಕ್ಕ, ಮೈ ಸೋಲತ್ತೆ. ವಾಕ್ ಬಿಡ್ಬೇಡಿ, ವಾರಕ್ಕೆ ಎರಡ್ಮೂರು ದಿನ ಕುರ್ಚಿ ಮೇಲೆ ಕೂತು ಏಳೋದು, ಗೋಡೆಗೆ ಕೈ ಕೊಟ್ಟು ಪುಷಪ್, ನೀರು ತುಂಬಿದ ಬಾಟ್ಲಿ ಎತ್ತೋದು ಇಷ್ಟು ಸೇರಿಸ್ಕೊಳಿ, ಶುರುಗೆ ಜಿಮ್ಮೇ ಬೇಕು ಅಂತೇನಿಲ್ಲ. ರಾತ್ರಿ ಊಟ ಬಿಡೋದು ಬೇಡ, ಹುರುಳಿ ಬಸ್ಸಾರು ಮಾಡಿದ ದಿನ ಬರೀ ಕಟ್ಟಿನ ಸಾರು ಬಡಿಸ್ಕೊಂಡು ಕಾಳನ್ನ ಮಕ್ಳ ತಟ್ಟೆಗೆ ಹಾಕ್ಬೇಡಿ, ಪ್ರೋಟೀನ್ ಇರೋದೇ ಕಾಳಲ್ಲಿ. ತೂಕದ ಜೊತೆ ಸೊಂಟನೂ ಅಳೀರಿ, ನಮ್ಮ ಹೆಣ್ಮಕ್ಳಿಗೆ 80 ಸೆಂಮೀ ಒಳಗಿರ್ಬೇಕು ಅಂತಾರೆ. ಥೈರಾಯ್ಡ್ ಒಂದ್ಸಲ ಚೆಕ್ ಮಾಡಿಸಿ.

ಮೈಸೂರು ಮನೆ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಅನ್ನ ಬಿಟ್ಟು ಮುದ್ದೆ ಶುರು ಮಾಡಿದ್ರೆ ಬೇಗ ಇಳಿಯತ್ತಾ?

ಹಾಸನದವ:
ಮುದ್ದೆ ಒಳ್ಳೇದೇ, ನಾರು ಜಾಸ್ತಿ, ಬೇಗ ಹಸಿವಾಗಲ್ಲ. ಆದ್ರೆ 100 ಗ್ರಾಂ ರಾಗಿ ಹಿಟ್ಟಲ್ಲೂ 320ರ ಹತ್ರ ಕ್ಯಾಲರಿ ಇದೆ, ಅಕ್ಕಿಗಿಂತ ಅಂಥಾ ಕಮ್ಮಿಯೇನಲ್ಲ. ಮುದ್ದೆ ಸಣ್ಣದು ಕಟ್ಟಿ, ಸೊಪ್ಪು-ಕಾಳು ಜಾಸ್ತಿ ಹಾಕ್ಕೊಳಿ, ಅದಾದ್ಮೇಲೆ ಮತ್ತೆ ಒಂದು ತಟ್ಟೆ ಅನ್ನ ಬೇಡ.