ಹೊರದೇಶದಿಂದ ಊರಿಗೆ ಬಂದ ಮೇಲೆ: ಬಳ್ಳಾರಿ, ರಾಯಚೂರು, ಕೊಪ್ಪಳದವರ ಅನುಭವ

ಪ್ರಶ್ನೆ (ಬಳ್ಳಾರಿಯಿಂದ)

ಅಮೆರಿಕದ ಟೆಕ್ಸಾಸ್‌ನಲ್ಲಿ ಹತ್ತು ವರ್ಷಕ್ಕಿಂತ ಜಾಸ್ತಿ ಇದ್ದು, ಈ ಬೇಸಿಗೆಯಲ್ಲಿ ಬಳ್ಳಾರಿಗೆ ಬಂದಿದ್ದೇವೆ. ಮಾವನವರಿಗೆ ಹುಷಾರಿಲ್ಲ, ಅದಕ್ಕೆ ಬಂದದ್ದು. ಯಜಮಾನರು ಅಲ್ಲಿನ ಕಂಪನಿಗೇ ಮನೆಯಿಂದ ಕೆಲಸ ಮಾಡುತ್ತಾರೆ. ಮಗಳಿಗೆ ಒಂಬತ್ತು ವರ್ಷ, ಅಲ್ಲೇ ಹುಟ್ಟಿದವಳು. ಅತ್ತೆ ಒಳ್ಳೆಯವರು, ಯಾರೂ ಏನೂ ಅಂದಿಲ್ಲ. ಆದರೂ ಇದು ನನ್ನ ಮನೆ ಅನ್ನಿಸುತ್ತಿಲ್ಲ. ಬಂದವರೆಲ್ಲ ‘ಯಾಕೆ ವಾಪಸ್ ಬಂದ್ರಿ?’ ಎಂದು ಕೇಳುತ್ತಾರೆ. ಮಗಳು ಶಾಲೆಯಿಂದ ಬಂದು ಸುಮ್ನೆ ಕೂರುತ್ತಾಳೆ. ನೀವೆಲ್ಲ ಹೇಗೆ ಹೊಂದಿಕೊಂಡಿರಿ? ಎಷ್ಟು ದಿನ ಬೇಕಾಯಿತು?

ರಾಯಚೂರಿನಿಂದ, ಮಸ್ಕತ್‌ನಲ್ಲಿದ್ದು ಬಂದವರು

ತಂಗಿ, ನಿಮ್ಮ ಬರಹದಲ್ಲಿ ‘ಯಾರೂ ಏನೂ ಅಂದಿಲ್ಲ’ ಅನ್ನುವ ಮಾತು ನನಗೆ ಜಾಸ್ತಿ ತಟ್ಟಿತು. ಕಷ್ಟ ಇರುವುದೇ ಅಲ್ಲಿ. ಜಗಳ ಆದರೆ ಮಾತಾಡಿ ಮುಗಿಸಬಹುದು. ಆದರೆ ನಮಗೆ ಬಿಸಿ ರೊಟ್ಟಿ ಮೊದಲು ಬಡಿಸುತ್ತಾರೆ. ‘ನೀ ಕೂಡವ್ವ, ದಣಿದಿರ್ತಿ’ ಎಂದು ಅಡುಗೆಮನೆಯಿಂದ ಹೊರಗೆ ಕಳಿಸುತ್ತಾರೆ. ವರ್ಷಕ್ಕೊಮ್ಮೆ ರಜೆಗೆ ಬಂದು ಹೋಗುವವರನ್ನು ಹಾಗೆ ನೋಡಿಕೊಂಡೇ ಅವರಿಗೆ ರೂಢಿ. ಈಗ ನಾವು ಇರೋಕೆ ಬಂದಿದ್ದೇವೆ ಅನ್ನುವುದು ಅವರ ಮನಸ್ಸಿಗೂ ಇನ್ನೂ ಇಳಿದಿರುವುದಿಲ್ಲ.

ನಾವಿಲ್ಲದ ಅಷ್ಟು ವರ್ಷ ಮನೆ ತನ್ನ ಪಾಡಿಗೆ ನಡೆದಿದೆ. ಹಾಲಿನ ಲೆಕ್ಕ ಯಾರು ನೋಡುತ್ತಾರೆ, ನಳದ ನೀರು ಬಂದಾಗ ಯಾರು ಏಳುತ್ತಾರೆ, ಮಾವನವರ ಗುಳಿಗೆ ಯಾರು ತರುತ್ತಾರೆ, ಎಲ್ಲದಕ್ಕೂ ಒಬ್ಬರಿದ್ದಾರೆ. ನಮಗೆ ಜಾಗ ಖಾಲಿ ಇಲ್ಲ. ‘ನಾನೇನು ಮಾಡಲಿ?’ ಎಂದರೆ ‘ಏನೂ ಬೇಡ’ ಅನ್ನುತ್ತಾರೆ. ಅದಕ್ಕೇ ಕೇಳುತ್ತಾ ಕೂರಬೇಡಿ. ಒಂದು ಕೆಲಸವನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳಿ.

ನಾನು ನೀರಿನ ಕೆಲಸ ಹಿಡಿದೆ. ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ, ಬರುವ ಹೊತ್ತೂ ಗೊತ್ತಿರುವುದಿಲ್ಲ. ಮೋಟರ್ ಹಾಕುವುದು, ಸಂಪು ತುಂಬಿತಾ ನೋಡುವುದು, ಕುಡಿಯುವ ನೀರು ಬೇರೆ ಹಿಡಿಯುವುದು, ಎಲ್ಲ ನಂದೇ. ‘ನೀರು ಬಿಟ್ಟಾರ’ ಎಂದು ಪಕ್ಕದ ಮನೆಯವರು ನನ್ನ ಹೆಸರು ಹಿಡಿದು ಕೂಗಲು ಶುರುಮಾಡಿದರು. ಓಣಿಯಲ್ಲಿ ನನಗೆ ಮಂದಿ ಸಿಕ್ಕಿದ್ದು ಹಾಗೆ. ನೀವು ಮಾವನವರ ಆಸ್ಪತ್ರೆ ಫೈಲ್ ಹಿಡಿಯಬಹುದು ನೋಡಿ. ಯಾವ ಡಾಕ್ಟರು, ಯಾವ ದಿನ, ಯಾವ ಗುಳಿಗೆ ಮುಗಿಯಿತು, ಎಲ್ಲ ನಿಮಗೇ ಗೊತ್ತಿರಲಿ. ಮುಂದಿನ ಸಲ ಡಾಕ್ಟರು ಏನಾದರೂ ಕೇಳಿದಾಗ ಮನೆಯವರೆಲ್ಲ ನಿಮ್ಮ ಕಡೆ ತಿರುಗುತ್ತಾರೆ.

‘ಯಾಕೆ ಬಂದ್ರಿ’ ಅನ್ನುವುದನ್ನು ಚುಚ್ಚಲು ಕೇಳುವವರು ಕಡಿಮೆ. ನಮ್ಮ ಕಡೆಯಿಂದ ಹೋಗುವವರೇ ಜಾಸ್ತಿ, ಬರುವವರು ಕಡಿಮೆ, ಅದಕ್ಕೇ ಕೇಳುತ್ತಾರೆ. ‘ಮಾವನವರ ಜೊತೆ ಇರೋಣ ಅಂತ ಬಂದ್ವಿ’ ಅನ್ನಿ. ಎಲ್ಲರಿಗೂ ಅದನ್ನೇ ಹೇಳಿ. ಸಂಬಳ, ವೀಸಾ ವಿಷಯ ಬಿಚ್ಚಬೇಡಿ.

ಅಲ್ಲಿನದು ನೆನಪಾಗಿ ಅಳು ಬಂದರೆ ಅದರಲ್ಲಿ ತಪ್ಪೇನೂ ಇಲ್ಲ. ಮಸ್ಕತ್‌ನ ಮತ್ರಾದಲ್ಲಿ ಸಂಜೆ ಸಮುದ್ರದ ಪಕ್ಕ ನಡೆಯುವುದು ನನಗೆ ತುಂಬಾ ಇಷ್ಟವಿತ್ತು. ಇಲ್ಲಿ ಏಪ್ರಿಲ್‌ನ ಬಿಸಿಗಾಳಿಯಲ್ಲಿ ಕೂತು ಅದನ್ನೇ ನೆನೆಯುತ್ತಿದ್ದೆ. ಆ ಊರೂ ನಮ್ಮ ಬದುಕೇ ಅಲ್ವಾ. ಆದರೆ ಊಟಕ್ಕೆ ಕೂತಾಗ ‘ಅಲ್ಲಿ ಹೀಗಿರಲಿಲ್ಲ’ ಎಂದರೆ ಇಲ್ಲೇ ಉಳಿದವರಿಗೆ ನೋವಾಗುತ್ತದೆ. ಅವರ ಬದುಕಿಗೇ ಬೆಲೆ ಕಟ್ಟಿದ ಹಾಗೆ ಕೇಳಿಸುತ್ತದೆ. ಅದನ್ನು ಹೇಳಿಕೊಳ್ಳಲು ಬೇರೆ ಒಬ್ಬರನ್ನು ಇಟ್ಟುಕೊಳ್ಳಿ. ಅಲ್ಲಿನ ಗೆಳತಿಯರಿಗೆ ಫೋನ್ ಮಾಡುವುದನ್ನಂತೂ ಬಿಡಬೇಡಿ.

ಎಷ್ಟು ದಿನ ಅಂದಿರಿ. ಹಬ್ಬಗಳು ಒಂದು ಸುತ್ತು ಬರಲಿ. ಮಣ್ಣೆತ್ತಿನ ಅಮಾವಾಸ್ಯೆ, ಅಲಾಯಿ ಹಬ್ಬ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವುದು. ಮೊದಲ ಸಲ ನಿಂತು ನೋಡುತ್ತೀರಿ. ಎರಡನೇ ಸಲ ನಿಮಗೆ ಕೆಲಸ ಹಚ್ಚುತ್ತಾರೆ.

ಗಂಗಾವತಿಯಿಂದ, ಸೌದಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು

ಅಕ್ಕಾ, ನನ್ನದು ದುಡ್ಡಿನ ಕಥೆ. ಗಲ್ಫ್‌ನಿಂದ ಬರುವ ತಮ್ಮಂದಿರು ಓದಲಿ ಎಂದು ಬರೆಯುತ್ತಿದ್ದೇನೆ.

ಬಂದ ಮೊದಲ ತಿಂಗಳಲ್ಲೇ ಅವ್ವನ ಮುಂದೆ ಎಲ್ಲರನ್ನೂ ಕೂಡಿಸಿ ಹೇಳಿದೆ: ಇನ್ನು ತಿಂಗಳ ದುಡ್ಡು ಬರುವುದಿಲ್ಲ. ಹೇಳುವಾಗ ಬಾಯಿ ಒಣಗಿತು. ಆದರೆ ಹೇಳದಿದ್ದರೆ ಮದುವೆ, ಆಸ್ಪತ್ರೆ, ಬೋರ್‌ವೆಲ್ ಎಲ್ಲಕ್ಕೂ ನನ್ನ ಕಡೆಯೇ ನೋಡುತ್ತಿದ್ದರು.

ಸೌದಿ ಕಾನೂನಿನಲ್ಲಿ ಕೆಲಸ ಬಿಡುವಾಗ ಮೊದಲ 5 ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ವರ್ಷಗಳಿಗೆ ಒಂದೊಂದು ತಿಂಗಳ ಸಂಬಳ ಲೆಕ್ಕ ಹಾಕಿ ಕೊಡಬೇಕು. 10 ವರ್ಷ ತುಂಬುವ ಮೊದಲೇ ನೀವಾಗಿ ರಾಜೀನಾಮೆ ಕೊಟ್ಟರೆ ಕಡಿಮೆ ಬರುತ್ತದೆ. ಈ ಲೆಕ್ಕ ಫೈನಲ್ ಎಕ್ಸಿಟ್ (ಸೌದಿ ಬಿಟ್ಟು ಪೂರ್ತಿ ಹೊರಡುವ ವೀಸಾ) ಹೊಡೆಸುವ ಮೊದಲೇ ಚುಕ್ತಾ ಮಾಡಿಸಿಕೊಳ್ಳಿ. ಊರಿಗೆ ಬಂದು ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ.

ಆ ದುಡ್ಡು ಬಂದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಪ್ಲಾಟು, ಕಾರು, ರೈಸ್‌ಮಿಲ್ ಪಾಲು ಎಂದು ಬರುತ್ತಾರೆ. ಒಂದು ವರ್ಷ ಎಫ್‌ಡಿಯಲ್ಲಿ ಇಟ್ಟು ಸುಮ್ನೆ ಊರು ನೋಡಿ. ಗದ್ದೆ ಇದೆ, ಎರಡು ಬೆಳೆ ಬರುತ್ತದೆ ಎಂದು ತಿಂಗಳ ಖರ್ಚಿನ ಲೆಕ್ಕ ಹಾಕಬೇಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ಕಡೆ ಯಾರಿಗೂ ನಿದ್ದೆ ಇರಲಿಲ್ಲ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಕಾಯುವುದು ಇಲ್ಲಿ ಇದ್ದದ್ದೇ.

ಇಷ್ಟು ವರ್ಷ ಹೊಲ ಮಾಡಿದವನು ಅಣ್ಣ. ಬಂದ ಕೂಡಲೇ ಪಾಲಿನ ಮಾತು ತೆಗೆಯಬಾರದು. ಹಕ್ಕು ಎಲ್ಲಿಗೂ ಹೋಗುವುದಿಲ್ಲ. ಒಂದು ಹಂಗಾಮು ಅವನ ಜೊತೆ ಗದ್ದೆಗೆ ಇಳಿದು, ಗೊಬ್ಬರದ ಖರ್ಚು, ಕೂಲಿ ಎಲ್ಲ ಕಣ್ಣಾರೆ ನೋಡಿ. ಆಮೇಲೆ ಇಬ್ಬರೂ ಕೂತು ಮಾತಾಡಬಹುದು.

ಬಳ್ಳಾರಿಯಿಂದ, ಸಿಂಗಾಪುರದಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದವರು

ಮೇಡಂ, ನಿಮ್ಮ ಯಜಮಾನರಿಗೆ ಒಂದು ಮಾತು. ಸಂಬಳ ಅಮೆರಿಕದಿಂದ ಬಂದರೂ, ಬಳ್ಳಾರಿಯಲ್ಲಿ ಕೂತು ಮಾಡಿದ ಕೆಲಸಕ್ಕೆ ತೆರಿಗೆ ಇಲ್ಲಿ ಮೊದಲ ದಿನದಿಂದಲೇ ಬರುತ್ತದೆ. ಅಲ್ಲಿನ ಬಡ್ಡಿ, ಹಳೆಯ ಹೂಡಿಕೆಯ ಆದಾಯದ ಮಾತು ಬೇರೆ. ತುಂಬಾ ವರ್ಷ ಹೊರಗಿದ್ದು ಬಂದವರಿಗೆ ಸಾಮಾನ್ಯವಾಗಿ ಎರಡು ವರ್ಷ, ಕೆಲವರಿಗೆ ಮೂರು ವರ್ಷ ಆರ್‌ಎನ್‌ಒಆರ್ (ಇಲ್ಲಿ ವಾಸವಿದ್ದರೂ ತೆರಿಗೆ ಲೆಕ್ಕಕ್ಕೆ ಸಾಮಾನ್ಯ ನಿವಾಸಿ ಅಲ್ಲ) ಎಂಬ ಸ್ಥಾನ ಸಿಗುತ್ತದೆ. ಆ ಅವಧಿಯಲ್ಲಿ ಹೊರದೇಶದ ಅಂಥ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ. ಅದು ಮುಗಿದ ಮೇಲೆ ಅಲ್ಲಿನ ಖಾತೆ, ಷೇರು, 401(ಕೆ) ಎಂಬ ನಿವೃತ್ತಿ ಉಳಿತಾಯ ಎಲ್ಲವನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ಬಿಟ್ಟರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಎನ್‌ಆರ್‌ಇ (ಹೊರದೇಶದಲ್ಲಿ ಇರುವ ಭಾರತೀಯರ) ಖಾತೆಯನ್ನು ಹಾಗೇ ನಡೆಸುವಂತಿಲ್ಲ, ವಾಪಸ್ ಬಂದಿದ್ದೇವೆ ಎಂದು ಬ್ಯಾಂಕಿಗೆ ತಿಳಿಸಿ. ಡಾಲರ್‌ನಲ್ಲೇ ಇಡಬೇಕೆಂದರೆ ಆರ್‌ಎಫ್‌ಸಿ ಖಾತೆ ಕೇಳಿ.

ಡ್ರೈವಿಂಗ್ ಲೈಸೆನ್ಸ್ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಟೆಸ್ಟ್ ಕೊಡಬೇಕಾಗುತ್ತದೆ.

ಕೊಪ್ಪಳದಿಂದ, ಮಗ-ಸೊಸೆ ಜರ್ಮನಿಯಿಂದ ಬಂದ ಮನೆಯ ಹಿರಿಯರು

ನೋಡವ್ವ ಮಗಳೇ, ನಾನು ಹೋಗಿ ಬಂದವಳಲ್ಲ, ಅತ್ತೆ. ಅತ್ತೆಯ ಕಡೆಯ ಮಾತನ್ನೂ ಕೇಳು.

ಅವರು ಬಂದ ಮೇಲೆ ನನ್ನ ಮನೆಯಲ್ಲಿ ನಾನೇ ಬಿಗಿಯಾಗಿ ಇರುತ್ತಿದ್ದೆ. ಮಧ್ಯಾಹ್ನ ಪಡಸಾಲೆಯಲ್ಲಿ ಅಡ್ಡಾಗಲು ನಾಚಿಕೆ. ಸಾರಿಗೆ ಖಾರ ಹಾಕಲು ಹೆದರಿಕೆ. ಬಚ್ಚಲು ಸ್ವಚ್ಛ ಇಲ್ಲ ಎಂದುಕೊಂಡರೋ ಏನೋ ಎಂದು ದಿನಕ್ಕೆ ಮೂರು ಸಲ ತಿಕ್ಕುತ್ತಿದ್ದೆ. ಸೊಸೆ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಇಬ್ಬರಿಗೂ ಸಾಕಾಗಿತ್ತು.

ಒಂದಿನ ಅವಳು ‘ಅತ್ತಿ, ನಾನು ಮೀಟಿಂಗ್‌ನಲ್ಲಿ ಇರುವಾಗ ಟಿವಿ ಸೌಂಡ್ ಕಡಿಮೆ ಮಾಡ್ತೀರಾ, ನನಗೆ ಏನೂ ಕೇಳಿಸಲ್ಲ’ ಅಂದಳು. ನನಗೆ ಸಿಟ್ಟು ಬರಲಿಲ್ಲ, ಹಗುರಾಯಿತು. ಇವಳು ಇಲ್ಲೇ ಇರುವವಳು, ಅದಕ್ಕೇ ಹೇಳುತ್ತಿದ್ದಾಳೆ ಅನ್ನಿಸಿತು. ನಾನೂ ಆವತ್ತೇ ಹೇಳಿದೆ, ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಮಲಗುತ್ತೇನೆ, ಫ್ಯಾನ್ ಆರಿಸಬೇಡ ಎಂದು. ನಿಮ್ಮ ಅತ್ತೆಯೂ ಏನೋ ತಡೆದುಕೊಂಡಿರುತ್ತಾರೆ. ನೀನೇ ಮೊದಲು ಬಾಯಿಬಿಡು.

ಬಳ್ಳಾರಿಯಿಂದ, ಆಸ್ಟ್ರೇಲಿಯಾದಿಂದ ಬಂದ ತಂದೆ

ಅಕ್ಕಾ, ಮಗಳ ಬಗ್ಗೆ ಹೇಳುತ್ತೇನೆ. ಶಾಲೆಗೆ ಹೋಗಿ ಟೀಚರನ್ನು ಕಂಡು, ‘ಅಮೆರಿಕದ ಹುಡುಗಿ’ ಎಂದು ಎಲ್ಲರ ಮುಂದೆ ನಿಲ್ಲಿಸಿ ಇಂಗ್ಲಿಷ್ ಮಾತಾಡಿಸಬೇಡಿ ಎಂದು ಕೇಳಿಕೊಳ್ಳಿ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ನನ್ನ ಮಗನಿಗೆ ಗೆಳೆಯರು ಸಿಗದಿದ್ದುದು ಅದರಿಂದಲೇ. ಅವನಿಗೆ ಮೊದಲ ಗೆಳೆಯ ಸಿಕ್ಕಿದ್ದು ತರಗತಿಯಲ್ಲಲ್ಲ, ಎದುರುಮನೆಯಲ್ಲಿ, ಕ್ರಿಕೆಟ್ ಆಡುವಾಗ.

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ನಮ್ಮ ರಾಜ್ಯದ ಸಿಬಿಎಸ್‌ಇ ಶಾಲೆಗಳಲ್ಲೂ ಕನ್ನಡ ಕಲಿಯಬೇಕು. ಟ್ಯೂಷನ್‌ಗಿಂತ ಅಜ್ಜನೇ ಒಳ್ಳೆಯ ಮೇಷ್ಟ್ರು. ಒಂದನೇ ತರಗತಿ ಪುಸ್ತಕ ಹಿಡಿದು ದಿನಾ ಒಂದು ಪುಟ ಅಜ್ಜನ ಪಕ್ಕ ಕೂತು ಓದಲಿ. ಹುಷಾರಿಲ್ಲದವರಿಗೂ ಹೊತ್ತು ಹೋಗುತ್ತದೆ.

ದಾಖಲೆ ವಿಷಯ. ಮಗಳು ಅಮೆರಿಕದ ಪೌರಳು, ಅವಳ ಬಳಿ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವುದು) ಇರುತ್ತದೆ. 16ರೊಳಗಿನವರಿಗೆ ಕೊಡುವ ಅಮೆರಿಕದ ಪಾಸ್‌ಪೋರ್ಟ್ 5 ವರ್ಷಕ್ಕೆ ಮುಗಿಯುತ್ತದೆ, ತಾರೀಖು ಬರೆದಿಡಿ. ಮುಂದೆ ಮೆಡಿಕಲ್, ಎಂಜಿನಿಯರಿಂಗ್ ಅಂದಾಗ ನೆಂಟರು ‘ನಮಗೆ 371(ಜೆ) ಇದೆಯಲ್ಲ’ ಅನ್ನುತ್ತಾರೆ. ಕಲ್ಯಾಣ ಕರ್ನಾಟಕದವರಿಗೆ ಸೀಟು, ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ ಅದು. ಆದರೆ 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆ ಪ್ರಕಾರ, ಭಾರತದ ಪೌರರಿಗೇ ಮೀಸಲಾದ ಸೀಟು ಒಸಿಐ ಮಕ್ಕಳಿಗೆ ಸಿಗುವುದಿಲ್ಲ. ಆ ದಿನಕ್ಕಿಂತ ಮೊದಲು ಒಸಿಐ ಪಡೆದವರಿಗೆ ಇದನ್ನು ಹಚ್ಚುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಮಗಳ ಕಾರ್ಡ್ ಯಾವತ್ತು ಕೊಟ್ಟದ್ದು ಎಂದು ಇವತ್ತೇ ತೆಗೆದು ನೋಡಿ.