ಸಾಫ್ಟ್‌ವುಡ್‌ಗೆ ‘ಮೃದು ಮರ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಾಂಕ್ರೀಟು, ಉಕ್ಕು ಕಡಿಮೆ ಮಾಡಿ ಮರದಿಂದಲೇ ದೊಡ್ಡ ಕಟ್ಟಡ ಕಟ್ಟುವ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ನಾರ್ವೆಯ ಬ್ರುಮುಂಡಾಲ್‌ನಲ್ಲಿ 2019ರಲ್ಲಿ ಮುಗಿದ ಮ್ಯೋಸ್‌ತೋರ್ನೆಟ್ ಎಂಬ ಮರದ ಕಟ್ಟಡ ಅದರಲ್ಲಿ ಬರುತ್ತದೆ. 18 ಅಂತಸ್ತು, 85.4 ಮೀಟರ್ ಎತ್ತರ. ಹಲಗೆಗಳನ್ನು ಎಳೆ ಒಂದೇ ದಿಕ್ಕಿಗೆ ಬರುವಂತೆ ಜೋಡಿಸಿ, ಅಂಟಿಸಿ ಮಾಡಿದ ಕಂಬ ತೊಲೆಗಳು. ಹೆಚ್ಚಿನದು ಸ್ಪ್ರೂಸ್ ಮರ. ಸ್ಪ್ರೂಸ್ ಎಂದರೆ ಸಾಫ್ಟ್‌ವುಡ್. ‘ಮೃದು ಮರ’ ಎಂದು ಬರೆದುಬಿಟ್ಟೆ.

ಕರಡನ್ನು ನಮ್ಮೂರಿನ ಆಚಾರಿಯೊಬ್ಬರಿಗೆ ಓದಿ ಹೇಳಿದೆ. ಬೇಲಿಗೆಂದು ಕಡಿದಿಟ್ಟಿದ್ದ ಹಾಲವಾಣದ ಗೂಟಕ್ಕೆ ಅವರು ಹೆಬ್ಬೆರಳ ಉಗುರು ಒತ್ತಿ, ಮೂಡಿದ ಗುರುತು ತೋರಿಸಿದರು. “ಮೆದು ಮರ ಅಂದ್ರೆ ಇದು ಮಾರಾಯ್ರೇ. ಕೆಚ್ಚಿಲ್ಲ, ರೀಪಿಗೂ ಆಗುದಿಲ್ಲ. ಇದ್ರಲ್ಲಿ ಹದಿನೆಂಟು ಮಾಳಿಗೆ ಕಟ್ಲಿಕ್ಕುಂಟಾ?”

ಅವರ ಪ್ರಶ್ನೆ ಸರಿಯಾಗಿಯೇ ಇದೆ, ತಪ್ಪು ನನ್ನ ಪದದ್ದು. ಇಂಗ್ಲಿಷಿನ ಆ ಹೆಸರು ಮರದ ಗಟ್ಟಿತನವನ್ನಲ್ಲ, ಕುಲವನ್ನು ಹೇಳುತ್ತದೆ. ಪೈನ್, ಸ್ಪ್ರೂಸ್, ದೇವದಾರುಗಳಂಥ ಶಂಕು ಬಿಡುವ ಮರಗಳು ಸಾಫ್ಟ್‌ವುಡ್. ಹೂ ಬಿಡುವ ಅಗಲೆಲೆಯ ಮರಗಳು ಹಾರ್ಡ್‌ವುಡ್. ಆ ಲೆಕ್ಕದಲ್ಲಿ ಬೆಂಕಿಕಡ್ಡಿಗೆ ಹೋಗುವ ಬೂರುಗವೂ, ಉಗುರಿಗೆ ಸೋತ ಹಾಲವಾಣವೂ ತೇಗದ ಜೊತೆಗೇ ಹಾರ್ಡ್‌ವುಡ್ ಸಾಲಿನಲ್ಲಿ ನಿಲ್ಲುತ್ತವೆ. ಸ್ಪ್ರೂಸ್ ಹಗುರ, ಆದರೆ ತನ್ನ ತೂಕಕ್ಕೆ ತುಂಬ ಬಲವುಳ್ಳದ್ದು.

ಇದು ಬರೀ ನಿಘಂಟಿನ ತಕರಾರು ಎಂದು ನನಗನಿಸುವುದಿಲ್ಲ. ‘ಗಟ್ಟಿ ಮರ’ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹೊನ್ನೆ, ಮತ್ತಿ, ತೇಗ. ಮರದ ಕಟ್ಟಡಕ್ಕೆ ಅವೇ ಬೇಕು ಎಂದುಕೊಂಡ ಓದುಗರಿಗೆ, ಇದು ಘಟ್ಟದ ಕಾಡು ಬೋಳಿಸುವ ಮಾತು ಎಂದೇ ಕಾಣುತ್ತದೆ. ನೆಟ್ಟು, ಬೆಳೆಸಿ, ಕಡಿದ ಜಾಗದಲ್ಲಿ ಮತ್ತೆ ನೆಡುವ ಮರವೇ ಈ ಕೆಲಸಕ್ಕೆ ಸಾಕು ಎಂಬುದು ಲೇಖನದ ಜೀವಾಳ. ಒಂದು ಪದದಿಂದ ಅದು ತಲೆಕೆಳಗಾಗಬಾರದು.

‘ಸೂಜಿಯೆಲೆ ಮರ’ ಎನ್ನೋಣವೆಂದರೆ ಗಾಳಿಮರ ಅಡ್ಡ ಬರುತ್ತದೆ. ಹಳೆ ಮೈಸೂರಿನವರು ಸರ್ವೆ ಎನ್ನುತ್ತಾರಲ್ಲ, ಅದೇ. ನೋಡಲು ಥೇಟ್ ಸೂಜಿಯೆಲೆ, ಕುಲದಲ್ಲಿ ಮಾತ್ರ ಹೂ ಬಿಡುವ ಮರ. ಪಠ್ಯಪುಸ್ತಕದ ‘ಶಂಕುಧಾರಿ’ ಸರಿಯಾದ ಪದ, ಆದರೆ ಆಚಾರಿಗಳ ಬಾಯಿಗೆ ಬರುವಂಥದ್ದಲ್ಲ. ಸದ್ಯಕ್ಕೆ ‘ದೇವದಾರು ಜಾತಿಯ ಮರ’ ಎಂದಿಟ್ಟಿದ್ದೇನೆ. ನಾಟಾ ವ್ಯಾಪಾರದಲ್ಲಿ, ಸಾಮಿಲ್ಲಿನಲ್ಲಿ ಪೈನ್ ಮರಗಳಿಗೆಲ್ಲ ಸೇರಿ ಬೇರೆ ಹೆಸರು ಓಡಾಡುತ್ತಿದೆಯೇ? ಕೇಳಿದ್ದರೆ ಯಾವ ಊರಿನ ಮಾತೆಂದು ಸೇರಿಸಿ ತಿಳಿಸಿ.